ಮೇಷ್ಟ್ರು ಹುಟ್ಟಿಸಿದ ಐವರು

ವಿಕಿಯಲ್ಲಿದ್ದ ತಮ್ಮ ಜೀವನಚರಿತ್ರೆಯನ್ನು ಯಾರೋ ಹಲ್ಲು ಕಿತ್ತ ಹಾಗೆ ಕಿತ್ತು ಬಿಸಾಕಿದ್ದಾರೆಂದು ಗೊತ್ತಾದ ದಿನ ನಿವೃತ್ತ ಮೇಷ್ಟ್ರಿಗೆ ಅನ್ನ ಸೇರಲಿಲ್ಲ. ಕಿತ್ತವಳು ಆ ವಿಕಿಯ ನಿರ್ವಾಹಕಿ. ಕಸುಬಿನಲ್ಲೂ ಅವಳು ಹಲ್ಲಿನ ಡಾಕ್ಟರೇ. ನಾನಾ ಭಾಷೆಯವರು ಸೇರಿ ಬರೆಯುವ ಆ ವಿಶ್ವಕೋಶಕ್ಕೆ ಮೇಷ್ಟ್ರು ಮೊದಲಿನಿಂದಲೂ ಮೈಮುರಿದು ದುಡಿದವರು. ತಮ್ಮ ಬಗ್ಗೆ ತಾವೇ ಒಂದು ಪುಟ ಬರೆದುಕೊಂಡರೆ ಏನು ಗಂಟು ಹೋಗುತ್ತಿತ್ತು ಇವಳದು? ಅವಳನ್ನು ಕುರ್ಚಿಯಿಂದ ಇಳಿಸಬೇಕು, ತಾವು ಕೂರಬೇಕು, ಪುಟ ಮರಳಿ ಬರಬೇಕು.

ನಿರ್ವಾಹಕರ ಚುನಾವಣೆಗೆ ಇನ್ನೂ ಸಾಕಷ್ಟು ಸಮಯವಿತ್ತು. ತಮಗೆ ಮತ ಹಾಕಲೆಂದು ಮೇಷ್ಟ್ರು ಸುಳ್ಳು ಖಾತೆ ತೆರೆದು ಐದು ಜನ ಸದಸ್ಯರನ್ನು ಹುಟ್ಟಿಸಿದರು. ಒಬ್ಬಳು ನರ್ಸು, ಒಬ್ಬ ಗಡಿಯಾರ ರಿಪೇರಿಯವನು, ಒಬ್ಬ ಸದಾ ಸಿಡಿಮಿಡಿ ವಕೀಲ, ಇನ್ನಿಬ್ಬರು ಸುಮ್ಮನೆ ಸಂಭಾವಿತರು. ಎಲ್ಲರಿಂದಲೂ ಆಗಾಗ ಸಣ್ಣಪುಟ್ಟ ತಿದ್ದುಪಡಿ ಮಾಡಿಸಿದರು. ಗಡಿಯಾರದವನ ಕೈಯಲ್ಲಿ ಬೇಕೆಂದೇ ಕಾಗುಣಿತ ತಪ್ಪಿಸುವಾಗ ಮಾತ್ರ ಕಣ್ಣು ಮುಚ್ಚಿಕೊಂಡರು.

ಐವರೂ ಒಂದೇ ಮನೆಯಿಂದ ಬರೆಯುತ್ತಿರುವುದು ತಿಳಿದರೆ? ತಿಳಿಯುವುದು ಹೇಗೆ! ಬಲವಾದ ಕಾರಣವಿಲ್ಲದೆ ಯಾವ ಸದಸ್ಯ ಎಲ್ಲಿಂದ ಬರೆಯುತ್ತಾನೆಂದು ನಿರ್ವಾಹಕರು ಕೂಡ ಇಣುಕುವಂತಿಲ್ಲ. ಆ ನಿಯಮದ ಕರಡು ಬರೆದವರೇ ಮೇಷ್ಟ್ರು.

ಉಳಿದದ್ದು ಭಾಷೆಯ ಗುರುತು. ಸದಸ್ಯರು ತಮ್ಮ ಮಾತೃಭಾಷೆಯ ಸಂಕೇತ ಹಾಕಿಕೊಂಡರೆ ವಿಕಿ ತಾನಾಗಿ ಅವರನ್ನು ಆ ಭಾಷಿಕರ ಗುಂಪಿಗೆ ಸೇರಿಸುತ್ತದೆ. ಆದರೆ ಅಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲ. ಒಂದೇ ಭಾಷೆಗೆ ಕೆಲವರು ಇಂಗ್ಲಿಷಿನ ಎರಡಕ್ಷರದ ಸಂಕೇತ ಹಾಕುತ್ತಾರೆ, ಕೆಲವರು ಮೂರಕ್ಷರದ್ದು. ಒಂದೇ ಮಾತಿನವರು ಬೇರೆ ಬೇರೆ ಗುಂಪುಗಳಲ್ಲಿ ಚೆಲ್ಲಾಪಿಲ್ಲಿಯಾಗಿರುತ್ತಾರೆ. ಮೇಷ್ಟ್ರದು ಎರಡಕ್ಷರದ ಗುಂಪು. ಐವರನ್ನೂ ಮೂರಕ್ಷರದ ಕಡೆಗೆ ತಳ್ಳಿದರೆ ತಮಗೂ ಅವರಿಗೂ ನಂಟಿದೆಯೆಂದು ಯಾರಿಗೂ ಹೊಳೆಯದು. ತಮ್ಮ ಸಂಕೇತಕ್ಕೇ ಇನ್ನೊಂದು ಅಕ್ಷರ ಅಂಟಿಸಿ ನೋಡಿದರು. ಗುಂಪು ಮೊದಲೇ ಇತ್ತು, ಒಳಗೆ ನರಪಿಳ್ಳೆಯೂ ಇಲ್ಲ. ಇನ್ನೂ ಒಳ್ಳೆಯದೇ ಆಯಿತು, ಐವರನ್ನು ಮಾತಾಡಿಸಲು ಬರುವವರೂ ಇಲ್ಲ ಅಂದುಕೊಂಡು ಅಲ್ಲಿಗೇ ಸೇರಿಸಿದರು.

"ಏನ್ರೀ, ಒಬ್ರೇ ನಗ್ತಾ ಕೂತಿದೀರಿ?" ಎಂದರು ಹೆಂಡತಿ.

"ಐದು ಜನ ನೆಂಟ್ರು ಬಂದಿದಾರೆ ಕಣೆ. ಊಟದ ಖರ್ಚಿಲ್ಲ."

ಮತದಾನ ಅಂದುಕೊಂಡ ಹಾಗೇ ನಡೆಯಿತು. ವಕೀಲ ಒಂದೆರಡು ಬಿರುಸು ಮಾತನ್ನೂ ಆಡಿದ. ಮೇಷ್ಟ್ರು ಕೂದಲೆಳೆಯಲ್ಲಿ ಗೆದ್ದರು. ಅಭಿನಂದನೆಗಳನ್ನು ಒಂದೊಂದಾಗಿ ಚಪ್ಪರಿಸಿಕೊಂಡು ಓದುತ್ತಿದ್ದಾಗ, ಎಲ್ಲರಿಗೂ ಕಾಣುವ ಅದೇ ಪುಟದಲ್ಲಿ ಹಲ್ಲಿನ ಡಾಕ್ಟರ ಟಿಪ್ಪಣಿಯೂ ಬಂತು.

ಭಾಷಾ ಸಂಶೋಧಕಿಯೊಬ್ಬರು ಅವಳಿಗೆ ಅಳುತ್ತಾ ಫೋನ್ ಮಾಡಿದ್ದರಂತೆ, ಸಂತೋಷಕ್ಕೆ. ಆ ಮೂರಕ್ಷರ ಮೇಷ್ಟ್ರ ಭಾಷೆಯದಲ್ಲ, ಎಲ್ಲೋ ದೂರದ ದ್ವೀಪದ್ದು. ಅದನ್ನಾಡುತ್ತಿದ್ದ ಕೊನೆಯ ಅಜ್ಜಿ ತೀರಿಕೊಂಡು ವರ್ಷಗಳೇ ಆಗಿದ್ದವು, ಗುಂಪು ಖಾಲಿ ಇದ್ದದ್ದು ಅದಕ್ಕೇ. ಈಗ ಇದ್ದಕ್ಕಿದ್ದಂತೆ ಐದು ಜನ ಅದೇ ಮಾತೃಭಾಷೆಯವರು! ಹೇಗಾದರೂ ಹುಡುಕಿಕೊಡಿ ಎಂದು ಆಕೆ ಅಂಗಲಾಚಿದ್ದರು. ಸತ್ತ ಭಾಷೆಗೆ ಜೀವ ಬರುವುದಾದರೆ ಅದಕ್ಕಿಂತ ಬಲವಾದ ಕಾರಣ ಬೇಕೇ ಎಂದು ಡಾಕ್ಟರು ಕುರ್ಚಿ ಬಿಡುವ ಮುನ್ನ ಇಣುಕಿ ನೋಡಿದ್ದಳು. ಕೊನೆಯಲ್ಲಿ ಬರೆದಿದ್ದಳು: "ಐದೂ ಜನ ನಿಮ್ಮ ಮನೆಯಲ್ಲೇ ಇದ್ದಾರೆ ಮೇಷ್ಟ್ರೇ. ಆ ಸಂಶೋಧಕಿ ಅಲ್ಲಿಗೇ ಹೊರಟಿದ್ದಾರೆ. ಒಬ್ಬರಾದರೂ ಬಾಯಿಬಿಡಲಿ."