ಹನ್ನೆರಡು ಗಾಜಿನ ಮೊನೆಗಳು

ಬೆಳಿಗ್ಗೆ ಒಂಬತ್ತಕ್ಕೆ ಬೀರು ತೆರೆದ ಗಾಜಿನಮ್ಮ ನಿಂತಲ್ಲೇ ನಿಂತುಬಿಟ್ಟರು. ಮೇಲಿನ ಖಾನೆ ಬರಿದು. ಪೆಟ್ಟಿಗೆ ಇಲ್ಲ!

ನಿನ್ನೆ ಎಳೆದಿಟ್ಟ ನ್ಯಾನೋಪಿಪೆಟ್‌ಗಳ ಪೆಟ್ಟಿಗೆ ಅದು. ಗಾಜಿನ ಸಣ್ಣ ಕೊಳವೆಯನ್ನು ನಡುವೆ ಲೇಸರ್‌ನಿಂದ ಕಾಯಿಸಿ ಎರಡೂ ಕಡೆಗೆ ಎಳೆದರೆ, ಮೊನೆಯಲ್ಲಿ ಉಳಿಯುವ ತೂತು ಕೂದಲೆಳೆಯ ಸಾವಿರದಲ್ಲೊಂದು ಪಾಲು. ಇಪ್ಪತ್ತಾರು ವರ್ಷಗಳಿಂದ ಈ ಪ್ರಯೋಗಾಲಯದಲ್ಲಿ ಆ ಕೆಲಸ ಅವರದೇ. ತಿಂಗಳ ಕೊನೆಗೆ ನಿವೃತ್ತಿ. ಇವತ್ತು ಮಧ್ಯಾಹ್ನ ಆಸ್ಪತ್ರೆಯಿಂದ ಹೃದಯದ ಜೀವಕೋಶಗಳು ಬರುತ್ತವೆ; ಸಂಜೆಗೆ ಸತ್ತೇಹೋಗುತ್ತವೆ. ಅಷ್ಟರೊಳಗೆ, ಆ ಮೊನೆಯನ್ನು ಅವುಗಳಿಗೆ ತಾಗಿಸದೆ ಮೇಲೆ ಮೇಲೆ ಓಡಿಸಿ ಚಿತ್ರ ತೆಗೆಯಬೇಕು.

ಮೊದಲು ಸಿಕ್ಕವಳು ಕಸ ಗುಡಿಸುವಾಕೆ.

“ಬೀರು ಏನಾದ್ರೂ ಮುಟ್ಟಿದ್ಯೇನೇ?”

“ಅಯ್ಯೋ ಅಕ್ಕಾ! ನೀವು ಬೈತೀರಂತ ನಾನು ಆ ಕಡೆ ಪೊರಕೇನೂ ತಿರುಗಿಸಲ್ಲ.”

ನಿಜ. ಬೀರುವಿನ ಬುಡದಲ್ಲಿ ವಾರದ ಧೂಳು ಹಾಯಾಗಿ ಕೂತಿತ್ತು.

ಆಮೇಲೆ ಸಿಕ್ಕವನು ಮೈಕ್ರೋಸ್ಕೋಪು ನಡೆಸುವ ಹುಡುಗ, ಎಲ್ಲರ ಬಾಯಲ್ಲಿ ‘ಮೀಸೆ’.

“ನಿನ್ನೆ ಎಷ್ಟೊತ್ತಿಗೆ ಹೊರಟೆ?”

“ಐದಕ್ಕೆ. ನಿಮ್ಮ ಜೊತೇಲೇ ಬಸ್ ಹತ್ತಿದ್ನಲ್ಲಮ್ಮ!”

ಉಳಿದವರು ಮೇಡಂ — ಈಗ ಪ್ರಯೋಗಾಲಯದ ಮುಖ್ಯಸ್ಥೆ. ಒಂದು ಕಾಲದಲ್ಲಿ ಗಾಜಿನಮ್ಮನ ಕೈಕೆಳಗೆ ಗಾಜು ಎಳೆಯಲು ಕಲಿತ ಹುಡುಗಿ. ಸುದ್ದಿ ಕೇಳಿದರೂ ಅವರು ಕನ್ನಡಕ ಏರಿಸಿಕೊಂಡು ಓದುತ್ತಿದ್ದ ಕಾಗದದಿಂದ ತಲೆಯೆತ್ತಲಿಲ್ಲ.

“ಹನ್ನೊಂದೂ ಹೋದ್ವಾ? ಹೋಗ್ಲಿ ಬಿಡಿ. ಹೊಸದು ಎಳೆದ್ರಾಯ್ತು.”

ಗಾಜಿನಮ್ಮ ಹೊರಗೆ ಬಂದರು. ಮನಸ್ಸಿನಲ್ಲಿ ಏನೋ ಕೊರೆಯುತ್ತಿತ್ತು. ಮತ್ತೆ ಮೀಸೆಯ ಬಳಿ ಹೋದರು.

“ನಿನ್ನ ಯಂತ್ರದಲ್ಲಿ ಕೊನೇ ಅಳತೆ ಯಾವಾಗಿನದು?”

“ನಿನ್ನೆ ಸಂಜೆ ಆರು... ನಾನಿರಲೇ ಇಲ್ವಲ್ಲ! ಅದೂ ಮಾಮೂಲಿಗಿಂತ ಆರು ಪಟ್ಟು ಕರೆಂಟು ಹರಿದಿದೆ!”

ಗಾಜಿನಮ್ಮ ಗಾಜು ಎಳೆಯುವ ಯಂತ್ರದ ಅಂಕಿಗಳಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಸೀದಾ ಮೇಡಂ ಕೋಣೆಗೆ ನಡೆದು ಬಾಗಿಲು ಮುಚ್ಚಿದರು.

“ಪೆಟ್ಟಿಗೆ ಎಲ್ಲಿಟ್ಟಿದ್ಯಮ್ಮಾ?”

“ನಾನು—?”

“ನಾನಿಟ್ಟಿದ್ದು ಹನ್ನೆರಡು. ನೀನು ಹನ್ನೊಂದು ಅಂದೆ. ಒಂದು ಕಮ್ಮಿ ಅಂತ ಗೊತ್ತಿರೋದು ಅದನ್ನ ತೆಗೆದೋರಿಗೆ ಮಾತ್ರ. ನಿನ್ನೆ ನೀನು ಅದಕ್ಕೆ ಉಪ್ಪುನೀರು ತುಂಬಿ ಪರೀಕ್ಷೆ ಮಾಡಿದೆ. ತೂತು ದೊಡ್ಡದಾದ್ರೆ ಕರೆಂಟು ಜಾಸ್ತಿ ಹರಿಯುತ್ತೆ. ಆರು ಪಟ್ಟು ಅಂದ್ರೆ ಇಡೀ ಪೆಟ್ಟಿಗೇನೇ ದಂಡ. ಎಳೆಯೋ ಯಂತ್ರದಲ್ಲಿ ಕಾವು ಏಳುನೂರಾ ಎಂಬತ್ತು ಇರ್ಬೇಕಿತ್ತು, ಏಳುನೂರಾ ಮೂವತ್ತಿದೆ; ಕಾವು ಕಮ್ಮಿಯಾದ್ರೆ ತೂತು ದೊಡ್ಡದಾಗೇ ಉಳಿಯುತ್ತೆ. ನಾನು ಮೂರನ್ನ ಎಂಟು ಅಂತ ಓದಿದೀನಿ. ಕದ್ದೋಳು ನೀನು. ಕೆಡಿಸಿದೋಳು ನಾನು.”

ಮೇಡಂ ಮೇಜಿನ ಡ್ರಾಯರ್ ಎಳೆದರು. ಪೆಟ್ಟಿಗೆ ಅಲ್ಲೇ ಇತ್ತು.

“ಇನ್ನು ಹದಿನೈದು ದಿನ ಇರ್ತೀರಿ. ನಿಮ್ಮ ಕಣ್ಣು ಮಂಜಾಗಿದೆ ಅಂತ ಯಾವ ಬಾಯಲ್ಲಿ ಹೇಳ್ಲಿ? ಗುಟ್ಟಾಗಿ ಅಂಕಿ ಸರಿ ಮಾಡೋಣ ಅಂತಿದ್ದೆ.”

“ಮೊದಲ ವಾರ ನೀನು ಅರವತ್ತು ಕೊಳವೆ ಮುರಿದಾಗ ನಾನು ಯಾವ ಬಾಯಲ್ಲಿ ಬೈದಿದ್ದೆ? ನೀನೂ ಹಾಗೇ ಮುಖಕ್ಕೆ ಹೇಳ್ಬೇಕಿತ್ತು. ಎದ್ದೇಳು. ನೀನು ಅಂಕಿ ಓದು, ನಾನು ಎಳೀತೀನಿ.”

ಮಧ್ಯಾಹ್ನ ಪರದೆಯ ಮೇಲೆ ಗೆರೆಗೆರೆಯಾಗಿ ಹೃದಯದ ಕೋಶ ಮೂಡತೊಡಗಿತು. ಗಾಜಿನಮ್ಮ ಕೈ ಚಾಚಿ ಮೇಡಂ ಕನ್ನಡಕವನ್ನು ಕಿತ್ತು ತಮ್ಮ ಮೂಗಿಗೇರಿಸಿದರು. ಉಸಿರು ಬಿಗಿಹಿಡಿದು ನೋಡಿದರು.

“ಅಯ್ಯೋ ಮಗಳೇ, ಇಷ್ಟು ಚೆಂದ ಕಾಣುತ್ತಾ ಇದು!”