ಬ್ಯಾಟರಿ ತಿಂದವರು ಯಾರು?

"ಈ ಕೀಬೋರ್ಡೇ ಕರೆಂಟ್ ತಿನ್ನೋದು. ಇನ್ನೇನಿದೆ ಈ ಮನೇಲಿ?" ಎನ್ನುತ್ತಾ ಅಪ್ಪ ಸ್ಟೂಲ್ ಹತ್ತಿ, ಕೀಬೋರ್ಡನ್ನು ಬೀರುವಿನ ಮೇಲೆ ಇಟ್ಟೇಬಿಟ್ಟ.

"ಅಪ್ಪಾ, ಶನಿವಾರ ಸ್ಕೂಲ್ ಡೇ. ಸ್ಟೇಜ್ ಮೇಲೆ ನಾನೊಬ್ಬಳೇ ಬಾರಿಸ್ಬೇಕು. ಪ್ರಾಕ್ಟೀಸ್ ಹೇಗೆ ಮಾಡ್ಲಿ?"

"ಸಂಜೆ ಹೊತ್ತಿಗೆ ಬ್ಯಾಟರಿ ಫುಲ್ ಆಗುತ್ತೆ ಅಂದಿದ್ದ ಸೋಲಾರ್‌ನವನು. ಇಲ್ನೋಡು, ಅರ್ಧಾನೂ ಇಲ್ಲ." ಅಪ್ಪ ಫೋನನ್ನು ಮಗಳ ಮೂಗಿನ ಹತ್ತಿರ ಹಿಡಿದ.

ಆ ಮೂಗು ಆಗಲೇ ಕೆಂಪಗಾಗಿತ್ತು. ಕೋಪ ಬಂದರೆ ಅವಳ ಮೂಗು ಹಾಗೇ. ಅದಕ್ಕೇ ಮನೆಯಲ್ಲಿ ಎಲ್ಲರೂ ಅವಳನ್ನು ಸಿಡುಕಿ ಎಂದು ಕರೆಯುವುದು. ದಿನಾ ಹಾಗೆ ಕರೆಯುತ್ತಿದ್ದರೆ ಯಾರಿಗೆ ತಾನೇ ಸಿಡುಕು ಬರುವುದಿಲ್ಲ?

ಹೋದ ತಿಂಗಳು ಟೆರೇಸಿನ ಮೇಲೆ ನಾಲ್ಕು ಸೋಲಾರ್ ಪ್ಯಾನೆಲ್ ಬಂದು ಕೂತಾಗಿನಿಂದ ಅಪ್ಪನದು ಇದೇ ಗೋಳು. ಇನ್ನು ಮೇಲೆ ಮನೆ ಪೂರ್ತಿ ಬಿಸಿಲಿನ ಕರೆಂಟಿನಲ್ಲೇ ನಡೆಯಬೇಕಂತೆ. ಬಸ್ ಓಡಿಸಿ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಫೋನ್ ತೆಗೆದು ಬ್ಯಾಟರಿ ನೋಡುತ್ತಿದ್ದ. ಆಮೇಲೆ ಶುರು. ಫ್ಯಾನ್ ಯಾಕೆ ತಿರುಗ್ತಿದೆ? ಬಚ್ಚಲ ಲೈಟ್ ಯಾಕೆ ಉರೀತಿದೆ? ಅಮ್ಮನಂತೂ ಇಸ್ತ್ರಿ ಪೆಟ್ಟಿಗೆ ಮುಟ್ಟುವ ಮುಂಚೆ ಕಿಟಕಿಯಿಂದ ಮೋಡ ನೋಡುತ್ತಿದ್ದಳು.

ಆದರೆ ಎಲ್ಲರ ಪಾಲಿನ ಬೈಗುಳ ಕೊನೆಗೆ ಬಂದು ಬೀಳುತ್ತಿದ್ದದ್ದು ಸಿಡುಕಿಯ ತಲೆಯ ಮೇಲೆ. ಆ ರಾತ್ರಿ ಅವಳು ಅಪ್ಪನ ಜೊತೆ ಟೂ ಬಿಟ್ಟಳು.

ಮರುದಿನ ಸ್ಕೂಲು ಮಧ್ಯಾಹ್ನಕ್ಕೇ ಬಿಟ್ಟಿತು. ಮನೆಗೆ ಬಂದರೆ ಅಜ್ಜಿಯ ಕೋಣೆ ಖಾಲಿ. ಸಿಡುಕಿಯ ಕೀಬೋರ್ಡ್ ಇರುತ್ತಿದ್ದದ್ದು ಆ ಕೋಣೆಯಲ್ಲೇ. ಈಗ ಅಲ್ಲಿ ಬರೀ ಮೇಜು. ಬ್ಯಾಗ್ ಎಸೆದು ಅಜ್ಜಿಯನ್ನು ಹುಡುಕುತ್ತಾ ಟೆರೇಸಿಗೆ ಹತ್ತಿದಳು.

ಅಜ್ಜಿ ಅಲ್ಲೇ ಇದ್ದಳು. ನೀರಿನ ಟ್ಯಾಂಕಿನ ನೆರಳಲ್ಲಿ ಕಾಲು ಚಾಚಿ ಕೂತಿದ್ದಳು. ಎದುರಿಗಿದ್ದ ಎರಡು ಪ್ಯಾನೆಲ್‌ಗಳ ಮೇಲೆ ಅವಳ ದಪ್ಪ ಹೊದಿಕೆ, ಮೂರನೆಯದರ ಮೇಲೆ ಬೆಡ್‌ಶೀಟ್ ಹರಡಿತ್ತು. ಗಾಳಿಗೆ ಹಾರದಂತೆ ಅವಕ್ಕೆ ಕ್ಲಿಪ್ ಬೇರೆ.

"ಅಜ್ಜೀ, ಏನು ಮಾಡ್ತಿದ್ದೀಯಾ?"

"ಬಟ್ಟೆ ಒಣಗಿಸ್ತಿದ್ದೀನಿ ಕಣೇ. ಇದು ಎಷ್ಟು ಚೆನ್ನಾಗಿ ಕಾದಿರುತ್ತೆ ಗೊತ್ತಾ? ಒಂದು ಗಂಟೇಲಿ ಗರಿಗರಿ."

"ದಿನಾ ಹೀಗೇ ಹಾಕ್ತೀಯಾ?"

"ಏನಾದ್ರೂ ಒಂದು ಇದ್ದೇ ಇರುತ್ತಲ್ಲ."

ಸಿಡುಕಿಗೆ ಮೈಯೆಲ್ಲ ಉರಿದುಹೋಯಿತು. ಹೊದಿಕೆ, ಬೆಡ್‌ಶೀಟ್ ಎಲ್ಲವನ್ನೂ ಸರ್ರನೆ ಎಳೆದಳು. ಕ್ಲಿಪ್‌ಗಳು ಚೆಲ್ಲಾಪಿಲ್ಲಿಯಾದವು.

"ಬಿಸಿಲು ಬಿದ್ರೇ ಕರೆಂಟ್ ಬರೋದು ಅಜ್ಜಿ! ನೀನು ಮುಚ್ಚಿಟ್ಟಿದ್ದೀಯಾ. ಅಪ್ಪ ನನಗೆ ಬೈದ. ನನ್ನ ಕೀಬೋರ್ಡ್ ಕಿತ್ಕೊಂಡ. ಎಲ್ಲಾ ನಿನ್ನಿಂದ."

ಅಜ್ಜಿ ಬಾಯಿ ತೆರೆದವಳು ಹಾಗೇ ಉಳಿದಳು. "ಬಿಸಿ ಇದ್ರೆ ಸಾಕು ಅಂದ್ಕೊಂಡಿದ್ದೆ. ಬಟ್ಟೆ ಮೇಲೆ ಬಿದ್ದ ಬಿಸಿ ಒಳಕ್ಕೂ ಇಳಿಯುತ್ತಲ್ಲ ಅಂತ. ನನಗೆ ಯಾರು ಹೇಳಿದ್ರು?"

ಅಜ್ಜಿ ಮಂಡಿ ಹಿಡಿದುಕೊಂಡು ಎದ್ದು, ಕ್ಲಿಪ್‌ಗಳನ್ನು ಒಂದೊಂದೇ ಹೆಕ್ಕತೊಡಗಿದಳು.

"ಇಲ್ಲಿ ಎರಡು ಕಂಬ, ಒಂದು ತಂತಿ ಇತ್ತು. ನಿಮ್ಮಪ್ಪ ತೊಟ್ಟಿಲಲ್ಲಿದ್ದಾಗಿಂದ ಅದರ ಮೇಲೇ ಬಟ್ಟೆ ಹಾಕ್ತಿದ್ದೆ. ಒಂದಿನ ಮೇಲೆ ಬಂದು ನೋಡ್ತೀನಿ, ಕಂಬಾನೂ ಇಲ್ಲ, ತಂತೀನೂ ಇಲ್ಲ. ಪ್ಯಾನೆಲ್‌ಗೆ ಜಾಗ ಬೇಕು, ಹಿತ್ತಲಲ್ಲಿ ಒಣಗಿಸ್ಕೊ ಅಂದ. ಅಲ್ಲಿ ಬಿಸಿಲೆಲ್ಲಿದೆ? ಮುಗ್ಗಲು ವಾಸನೆ." ಅಜ್ಜಿಯ ದನಿ ಮೆತ್ತಗಿತ್ತು, ಆದರೆ ಅದರಲ್ಲಿ ಕೋಪ ಇತ್ತು. "ಕೀಳೋ ಮುಂಚೆ ನನ್ನನ್ನ ಒಂದು ಮಾತು ಕೇಳಿದ್ನಾ?"

ಅಜ್ಜಿಗೂ ಇಷ್ಟು ಕೋಪ ಬರುತ್ತದೆ ಎಂದು ಸಿಡುಕಿಗೆ ಗೊತ್ತೇ ಇರಲಿಲ್ಲ. ಅವಳೂ ಬಗ್ಗಿ ಒಂದು ಕ್ಲಿಪ್ ಹೆಕ್ಕಿದಳು.

ಸಂಜೆ ಅಪ್ಪ ಬಂದ. ಫೋನ್ ನೋಡಿದ. ಮುಖ ಅರಳಿತು.

"ನೋಡಿದ್ಯಾ? ಇವತ್ತು ಕೀಬೋರ್ಡ್ ಮುಟ್ಟಿಲ್ಲ, ಬ್ಯಾಟರಿ ಮುಕ್ಕಾಲು ತುಂಬಿದೆ. ನಾನು ಹೇಳಿದ್ದೇ ಸರಿ."

ಸಿಡುಕಿಯ ಮೂಗು ಕೆಂಡದಂತಾಯಿತು. ಮಧ್ಯಾಹ್ನ ನಡೆದದ್ದೆಲ್ಲ ನಾಲಿಗೆಯ ತುದಿಗೆ ಬಂತು. ಒಂದೇ ಮಾತು ಹೇಳಿದರೆ ಸಾಕು, ಕೀಬೋರ್ಡ್ ಕೆಳಗಿಳಿಯುತ್ತದೆ, ಬೈಗುಳ ಅಜ್ಜಿಯ ಕಡೆ ತಿರುಗುತ್ತದೆ. ಬಾಗಿಲ ಹತ್ತಿರ ಅಜ್ಜಿ ಹೊದಿಕೆ ಮಡಚುತ್ತಾ ನಿಂತಿದ್ದಳು.

"ಅಪ್ಪಾ, ಅಜ್ಜಿಯ ಕಂಬ ಕೀಳೋ ಮುಂಚೆ ನೀನು ಅಜ್ಜೀನ ಕೇಳಿದ್ಯಾ?"

"ಯಾವ ಕಂಬ?"

"ಟೆರೇಸಿಂದು. ಹೋಗ್ಲಿ, ಬ್ಯಾಟರಿ ಯಾಕೆ ತುಂಬಲ್ಲ ಅಂತ ನನ್ನನ್ನ ಕೇಳಿದ್ಯಾ? ನೀನು ಯಾರನ್ನೂ ಕೇಳೋದೇ ಇಲ್ಲ. ಬರೀ ಬೈತೀಯಾ."

ಅಪ್ಪ ಹುಬ್ಬು ಗಂಟಿಕ್ಕಿ ಕುರ್ಚಿಯಲ್ಲಿ ಕೂತ. ಅಷ್ಟರಲ್ಲಿ ಅಜ್ಜಿ ಹೊದಿಕೆಯನ್ನು ಅವನ ತೊಡೆಯ ಮೇಲೆ ಧೊಪ್ಪನೆ ಹಾಕಿದಳು.

"ನಿನ್ನ ಬ್ಯಾಟರಿ ತಿಂದಿದ್ದು ಇದು ಕಣೋ. ದಿನಾ ನಿನ್ನ ಪ್ಯಾನೆಲ್ ಮೇಲೆ ಒಣಗಿಸ್ತಿದ್ದೆ. ಮಗೂಗೆ ಯಾಕೆ ಬೈತೀಯಾ?"

ಅಪ್ಪ ಹೊದಿಕೆಯನ್ನು ನೋಡಿದ, ಫೋನನ್ನು ನೋಡಿದ. "ಅಮ್ಮಾ, ತಂತಿ ಬೇಕು ಅಂತ ಹೇಳ್ಬಾರ್ದಾಗಿತ್ತಾ?"

"ಕೇಳ್ಬಾರ್ದಾಗಿತ್ತೇನೋ?"

ಅಪ್ಪ ತಲೆ ಕೆರೆದುಕೊಂಡು, ಟಾರ್ಚ್ ಹಿಡಿದು ಟೆರೇಸಿಗೆ ಹೋದ. ಪ್ಯಾನೆಲ್ ಮೇಲೆ ನೆರಳು ಬೀಳದಂತೆ ಕಂಬ ಎಲ್ಲಿ ನೆಡಬಹುದು ಎಂದು ಅಜ್ಜಿಯನ್ನು ಮೇಲಿನಿಂದಲೇ ಕೂಗಿ ಕೇಳಿದ. ಕೆಳಗೆ ಬಂದವನು ಸ್ಟೂಲ್ ಹತ್ತಿ ಕೀಬೋರ್ಡ್ ಇಳಿಸಿದ.

ಸಿಡುಕಿಯ ಟೂ ಇನ್ನೂ ಪೂರ್ತಿ ಮುಗಿದಿರಲಿಲ್ಲ. ಅವನ ಕಡೆ ನೋಡದೆ ಕೀಬೋರ್ಡ್ ಎತ್ತಿಕೊಂಡು ಅಜ್ಜಿಯ ಕೋಣೆಗೆ ಹೋದಳು. ಅಜ್ಜಿ ಆ ಗರಿಗರಿ ಹೊದಿಕೆ ಹೊದ್ದು ಗೋಡೆಯ ಕಡೆ ತಿರುಗಿ ಮಲಗಿದ್ದಳು.

ಸಿಡುಕಿ ಪ್ಲಗ್ ಹಾಕಿದಳು. ದಿನವೂ ಮಾಡುವ ಹಾಗೆ ಸ್ವಿಚ್ಚಿನ ಮೇಲೆ ಬೆರಳಿಟ್ಟಳು. ಬೆರಳು ಅಲ್ಲೇ ನಿಂತಿತು.

"ಅಜ್ಜಿ, ಈಗ ಬಾರಿಸ್ಲಾ? ನಿನಗೆ ನಿದ್ದೆ ಬರ್ತಿದ್ಯಾ?"

ಅಜ್ಜಿ ಮೆಲ್ಲಗೆ ಈ ಕಡೆ ಹೊರಳಿದಳು.