ರೀಮಾ ಹೆಸರಿನ ಉತ್ತರಗಳು

ಸಂಜೆ ಐದರೊಳಗೆ ಇಪ್ಪತ್ತೆರಡು ಮಕ್ಕಳ ಫೋಟೊ, ಪ್ರತಿಯೊಂದರ ಕೆಳಗೆ ಮೂರು ಸಾಲು. ಮಗು ಏನು ಮಾಡಿತು, ಅದರಿಂದ ಏನು ಕಲಿಯಿತು, ಮನೆಯಲ್ಲಿ ಏನು ಮಾಡಿಸಬಹುದು. ಅತ್ತಾವರದ ಆ ಡೇ ಕೇರ್‌ನಲ್ಲಿ ಡ್ಯಾಫ್ನಿಯ ದಿನ ಮುಗಿಯುವುದು ಹೀಗೆಯೇ. ಆಪ್‌ಗೆ ಹಾಕಿದ್ದನ್ನು ಹೆತ್ತವರು ತೆರೆದು ನೋಡಿದರೆ ಪಕ್ಕದಲ್ಲಿ ಹಸಿರು ಚುಕ್ಕೆ ಮೂಡುತ್ತದೆ. ಹೆಚ್ಚಿನವರು ಪಕ್ಕದ ಆಸ್ಪತ್ರೆಯ ಡಾಕ್ಟರುಗಳು, ನರ್ಸುಗಳು. ಚುಕ್ಕೆ ಮೂಡಿಸುವುದಕ್ಕೂ ಅವರಿಗೆ ಪುರುಸೊತ್ತಿಲ್ಲ. ಬಾವಿಗೆ ಕಲ್ಲು ಹಾಕಿದರೆ ಸದ್ದಾದರೂ ಬರುತ್ತದೆ ಎಂದು ಅವಳಿಗೆ ಒಮ್ಮೊಮ್ಮೆ ಅನಿಸುತ್ತಿತ್ತು.

ಉತ್ತರ ಬರುತ್ತಿದ್ದದ್ದು ಒಂದೇ ಮನೆಯಿಂದ. ಮೂರು ವರ್ಷದ ಮೆಲಿಸಾಳ ತಾಯಿ ರೀಮಾ ಮಸ್ಕತ್‌ನಲ್ಲಿ ನರ್ಸ್, ಗಂಡನೂ ಅಲ್ಲೇ. ಮಗುವಿನ ವೀಸಾ ಆಗುವ ತನಕ ಮೆಲಿಸಾ ಇಲ್ಲಿ ಅಜ್ಜಿಯ ಜೊತೆ, ಸೋದರಮಾವ ಮರ್ವಿನ್ ಜೊತೆ.

"ಮೆಲಿಸಾ ಇವತ್ತು ಅಳದೆ ಊಟ ಮಾಡಿದಳು" ಎಂದು ಡ್ಯಾಫ್ನಿ ಬರೆದ ದಿನ, ರೀಮಾ ಹೆಸರಿನಲ್ಲಿ ಉತ್ತರ ಬಂತು: "ಖುಷಿ ಆಯ್ತು. ನೀವು ಊಟ ಮಾಡಿದ್ರಾ ಟೀಚರ್?"

ಆರು ವರ್ಷದ ಕೆಲಸದಲ್ಲಿ ಯಾರೂ ಕೇಳದ ಪ್ರಶ್ನೆ. ಮೂರೂವರೆಗೆ, ನಿಂತುಕೊಂಡೇ, ಎಂದು ಅವಳು ನಿಜವನ್ನೇ ಬರೆದಳು. ಆಮೇಲೆ ದಿನವೂ ಮೂರು ಸಾಲಿನ ಜೊತೆ ನಾಲ್ಕನೆಯದೊಂದು ಸೇರತೊಡಗಿತು. ಕಾಣದ ಆ ಹೆಂಗಸಿನ ಬಳಿ ತನ್ನ ದಣಿವನ್ನು ಹೇಳಿಕೊಂಡಳು, ಮುರಿದುಹೋದ ಮದುವೆಯ ಮಾತುಕತೆಯನ್ನೂ ಹೇಳಿಕೊಂಡಳು. ಒಮ್ಮೆ ಮರ್ವಿನ್ ಬಗ್ಗೆಯೂ ಬರೆದಳು: "ನಿಮ್ಮ ತಮ್ಮ ನಿದ್ದೆಗಣ್ಣಲ್ಲಿ ಬಂದು ಚೀಲ ಎತ್ತಿಕೊಂಡು ಹೋಗ್ತಾರೆ. ಮಾತೇ ಇಲ್ಲ. ಆದರೆ ಮಗುವಿಗೆ ಚಪ್ಪಲಿ ಹಾಕುವಾಗ ಅವರ ಕೈ ನೋಡ್ಬೇಕು. ಎಷ್ಟು ನಿಧಾನ!"

ಆ ದಿನ ಮಾತ್ರ ಉತ್ತರ ಬರಲಿಲ್ಲ.

ವೀಸಾ ಬಂತು. ಮೆಲಿಸಾಳ ಕೊನೆಯ ದಿನ ಕರೆದೊಯ್ಯಲು ರೀಮಾ ತಾನೇ ಬಂದಳು. ಹಿಂದೆ ಮರ್ವಿನ್, ಆಸ್ಪತ್ರೆಯ ಯೂನಿಫಾರ್ಮ್‌ನಲ್ಲೇ. ಉಳಿದ ಮಕ್ಕಳು ಒಳಕೋಣೆಯಲ್ಲಿ ಆಯಾಳ ಕಾವಲಿನಲ್ಲಿ ಮಲಗಿದ್ದರು.

ಡ್ಯಾಫ್ನಿ ರೀಮಾಳ ಕೈ ಹಿಡಿದುಕೊಂಡಳು. "ನಿಮ್ಮ ಉತ್ತರ ಬರದೆ ಇದ್ದಿದ್ರೆ ನಾನು ಈ ಕೆಲಸ ಯಾವಾಗ್ಲೋ ಬಿಡ್ತಿದ್ದೆ."

"ಎಂತ ಉತ್ತರ?" ರೀಮಾಳಿಗೆ ಅರ್ಥವಾಗಲಿಲ್ಲ. "ಆ ಆಪ್ ಇರುವುದು ನನ್ನ ಹಳೇ ನಂಬರಲ್ಲಿ. ಸಿಮ್ ಇವನ ಹತ್ರ ಉಂಟು. ಇವ ದಿನಾ ನಂಗೆ ಫೋಟೊ ಕಳಿಸ್ತಿದ್ದ, ಅಷ್ಟೆ."

ಡ್ಯಾಫ್ನಿ ಮರ್ವಿನ್ ಕಡೆ ತಿರುಗಿದಳು. ಅವನು ಚಪ್ಪಲಿ ಸ್ಟ್ಯಾಂಡನ್ನು ಮೊದಲ ಸಲ ಕಂಡವನಂತೆ ನೋಡುತ್ತಿದ್ದ. ಕಿವಿ ಎರಡೂ ಕೆಂಪಾಗಿದ್ದವು.

ರೀಮಾ ಇಬ್ಬರನ್ನೂ ಒಮ್ಮೆ ನೋಡಿದಳು. "ಬಾ ಮಗಾ, ನಾವು ಹೊರಗೆ ಉಯ್ಯಾಲೆ ಆಡುವಾ. ಮಾಮನಿಗೆ ಟೀಚರ್ ಪನಿಶ್ಮೆಂಟ್ ಕೊಡ್ಲಿಕ್ಕುಂಟು."

ಬಾಗಿಲು ಮುಚ್ಚಿಕೊಂಡಿತು.

"ನಾನು ಒಬ್ಬ ಹೆಂಗಸಿನ ಹತ್ರ ಹೇಳಿದ್ದದು," ಎಂದಳು ಡ್ಯಾಫ್ನಿ. ಸಿಟ್ಟು ಮಾಡುವುದಕ್ಕೂ ಶಕ್ತಿ ಬೇಕು. ಅವಳಲ್ಲಿ ಅದು ಉಳಿದಿರಲಿಲ್ಲ. "ಎಲ್ಲಾ ನೀವು ಓದಿದ್ರಿ."

"ಓದಿದೆ."

"ಚಪ್ಪಲಿದೂ?"

"ಅದನ್ನು ತುಂಬಾ ಸಲ."

ಅವಳಿಗೆ ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ. "ಹೇಳಬಹುದಿತ್ತಲ್ಲ."

"ಮೊದಲ ದಿನವೇ ಹೇಳ್ಬೇಕಿತ್ತು. ನೀವು ರೀಮಾ ಮೇಡಂ ಅಂತ ಬರೆದ್ರಿ. ನಾಳೆ ಹೇಳ್ತೇನೆ ಅಂತ ಬಿಟ್ಟೆ. ಮರುದಿನ ನೀವು ಇನ್ನೂ ನಾಲ್ಕು ಸಾಲು ಬರೆದಿದ್ರಿ. ಹೇಳಿದ್ರೆ ನಿಲ್ಲಿಸ್ತೀರಿ ಅಂತ ಹೆದ್ರಿಕೆ ಆಯ್ತು." ಅವನು ಯೂನಿಫಾರ್ಮ್ ಮೇಲಿನ ಕಾರ್ಡ್ ಮುಟ್ಟಿ ತೋರಿಸಿದ. "ಎಕ್ಸ್‌ರೇ ರೂಮಲ್ಲಿ ನಾನು ದಿನಕ್ಕೆ ಹೇಳುವುದು ಎರಡೇ ಮಾತು. ಉಸಿರು ಹಿಡೀರಿ, ಉಸಿರು ಬಿಡಿ. ಬೇರೆ ಎಂತದೂ ನಂಗೆ ಬಾಯಿಗೆ ಬರುದಿಲ್ಲ. ಬರೀಲಿಕ್ಕೆ ಬರ್ತದೆ. ತಪ್ಪು ನಂದೇ. ಸಾರಿ."

ಅವಳು ಮೆಲಿಸಾಳ ಚೀಲ ತಂದು ಅವನ ಮುಂದಿಟ್ಟಳು.

"ಮೆಲಿಸಾಳ ಅಕೌಂಟ್ ಇವತ್ತು ಕ್ಲೋಸ್ ಆಗ್ತದಲ್ಲ?"

"ಐದು ಗಂಟೆಗೆ."

"ಹಾಗಾದ್ರೆ ನಿಮ್ಮ ನಂಬರ್ ಕೊಡಿ. ಇನ್ನು ನನ್ನ ಹೆಸರಲ್ಲೇ ಬರೀತೇನೆ."

ಡ್ಯಾಫ್ನಿ ಟೈಪ್ ಮಾಡಿ ಮಾಡಿ ನೋಯುತ್ತಿದ್ದ ಹೆಬ್ಬೆರಳನ್ನು ಒತ್ತಿಕೊಂಡಳು. "ಬೇಡ. ಬರೆದು ಓದಿ ನಂಗೆ ಸಾಕಾಗಿದೆ ಮಾರಾಯ್ರೇ. ಹೇಳ್ಲಿಕ್ಕೆ ಇದ್ರೆ ಬಾಯಲ್ಲಿ ಹೇಳಿ."

ಮರ್ವಿನ್ ಮಕ್ಕಳ ಕುರ್ಚಿಯೊಂದರ ಮೇಲೆ ಕುಳಿತ. ಮೊಣಕಾಲು ಎದೆಗೆ ತಾಗುತ್ತಿತ್ತು. ಬಾಯಿ ತೆರೆದ, ಮುಚ್ಚಿದ. ಮಗು ಮಾತು ಹುಡುಕುವಾಗ ನಡುವೆ ಬಾಯಿ ಹಾಕಬಾರದು, ಕಾಯಬೇಕು. ಡ್ಯಾಫ್ನಿ ಕಾದಳು.

"ನಾಳೆಯಿಂದ ನಂಗೆ ಇಲ್ಲಿಗೆ ಬರ್ಲಿಕ್ಕೆ ಕಾರಣ ಇಲ್ಲ," ಎಂದ ಕೊನೆಗೆ. ನಿಲ್ಲಿಸಿದ. ಮತ್ತೆ ಶುರು ಮಾಡಿದ. "ಅದನ್ನು ನೆನೆದ್ರೆ ನಂಗೆ... ಸರಿ ಆಗುದಿಲ್ಲ. ನೀವಂದ್ರೆ ನಂಗೆ ಇಷ್ಟ. ಆಪಲ್ಲಿ ಬರೆಯುವವರು ಮಾತ್ರ ಅಲ್ಲ, ಇಲ್ಲಿ ಎದುರಿಗಿರುವ ನೀವು."

ಅಷ್ಟಕ್ಕೇ ಅವನ ಹಣೆ ಬೆವರಿತ್ತು. ಇನ್ನೂ ಏಳು ಮಕ್ಕಳದ್ದು ಬರೆಯಲು ಬಾಕಿ ಇತ್ತು. ಡ್ಯಾಫ್ನಿ ಇನ್ನೊಂದು ಪುಟ್ಟ ಕುರ್ಚಿ ಎಳೆದು ಅವನೆದುರು ಕುಳಿತಳು.

"ನನ್ನ ಕೋಪ ಹೋಗ್ಲಿಲ್ಲ," ಎಂದಳು. "ಆದ್ರೆ ಇನ್ನೂ ಹೇಳಿ."